ಎರಡು ಮೇಣದ ಬತ್ತಿ, ಒಂದು ಮಂಡಿ

ಜೂನ್ ೧೪, ಶನಿವಾರ, ಬೆಳಿಗ್ಗೆ ಎಂಟೂವರೆ. ಫ್ರಾನ್ಸಿನ ರೂಆಂ ಪಟ್ಟಣದ ಹಳೆಯ ಬೀದಿಗಳಲ್ಲಿ ನಾನೂ ನನ್ನ ಗಂಡನೂ ಸೈಕಲ್ ಹತ್ತಿ ಹೊರಟೆವು. ಹತ್ತು ನಿಮಿಷದಲ್ಲಿ ಇಬ್ಬರೂ ಇಳಿದು ತಳ್ಳಿಕೊಂಡು ನಡೆಯುತ್ತಿದ್ದೆವು. ಅಲ್ಲಿನ ಹಾಸುಗಲ್ಲುಗಳನ್ನು ಹಾಕಿದವರಿಗೆ ಕುದುರೆಯ ಗೊರಸಿನ ಚಿಂತೆ ಇತ್ತೇ ಹೊರತು ನಮ್ಮ ಸೊಂಟದ ಚಿಂತೆ ಇರಲಿಲ್ಲ.

ಇಂಗ್ಲೆಂಡಿನ ಕ್ರೋಯ್ಡನ್ನಿನ ನಮ್ಮ ಫ್ಲ್ಯಾಟಿನಿಂದ ಗುರುವಾರ ಹೊರಟು, ರೈಲು ಹಿಡಿದು ಕಡಲತಡಿ ಸೇರಿ, ಹಡಗಿನಲ್ಲಿ ಆಚೆ ದಡ ಮುಟ್ಟಿ, ಅಲ್ಲಿಂದ ತುಳಿದುಕೊಂಡೇ ಬಂದಿದ್ದೆವು. ಶನಿವಾರವನ್ನು ಊರು ನೋಡುವುದಕ್ಕೆಂದು ಇಟ್ಟುಕೊಂಡಿದ್ದೆವು. ನನ್ನ ದಿನಚರಿಯಲ್ಲಿ ಆ ದಿನಕ್ಕೆ ಮೂರು ಕಾಲಂ ಹಾಕಿದ್ದೆ: ಚರ್ಚು, ಕೇಕು, ಜಗಳ. ಮಧ್ಯಾಹ್ನದ ಹೊತ್ತಿಗೆ ಮೂರೂ ಸಮಸಮವಾಗಿ ಸಾಗಿದ್ದವು.

ನಾವು ಊರು ನೋಡುವ ಕ್ರಮ ಬೇರೆಯವರಿಗೆ ವಿಚಿತ್ರವಾಗಿ ಕಾಣಬಹುದು. ಕಳೆದ ವರ್ಷ ಕ್ರೋಯ್ಡನ್‌ನಲ್ಲಿ ಸ್ಟೇಷನ್ನಿನ ಹೊರಗೆ ಕಟ್ಟಿಹಾಕಿದ್ದ ನನ್ನ ಸೈಕಲ್ಲನ್ನು ಯಾರೋ ಕದ್ದರು. ಮುಂದಿನ ಚಕ್ರವನ್ನೂ ಬೀಗವನ್ನೂ ಮಾತ್ರ ಜೋಪಾನವಾಗಿ ಬಿಟ್ಟು ಹೋಗಿದ್ದರು. ಅಂದಿನಿಂದ ನಮ್ಮ ನಿಯಮ: ಒಬ್ಬರು ಒಳಗೆ, ಒಬ್ಬರು ಕಾವಲು. ಹಾಗಾಗಿ ಜೋಡಿಯಾಗಿ ಪ್ರವಾಸ ಹೋದರೂ ಒಂದು ಕಟ್ಟಡವನ್ನೂ ಜೋಡಿಯಾಗಿ ನೋಡಿದವರಲ್ಲ. ಅವನು ಒಳಗೆ ಹೋಗಿ ಬಂದು ಚೆನ್ನಾಗಿದೆ ಎನ್ನುತ್ತಾನೆ, ನಾನು ಹೋಗಿ ಬಂದು ಪರವಾಗಿಲ್ಲ ಎನ್ನುತ್ತೇನೆ. ಮೂರನೆಯ ಕಾಲಂ ತುಂಬುವುದು ಹೀಗೆ.

ಅಲ್ಲಿ ಚಿನ್ನದ ಬಣ್ಣದ ದೊಡ್ಡ ಗಡಿಯಾರವೊಂದಿದೆ. ಜನ ಕತ್ತೆತ್ತಿ ಫೋಟೋ ತೆಗೆಯುತ್ತಾರೆ. ಅದಕ್ಕೆ ಇರುವುದು ಒಂದೇ ಮುಳ್ಳು, ಗಂಟೆಯದು. ನಿಮಿಷಗಳನ್ನು ಬರೆದಿಡುವ ನನ್ನಂಥವಳಿಗೆ ಅದು ವೈಯಕ್ತಿಕ ಅವಮಾನ. ಆಮೇಲೆ, ಸುಮಾರು ಆರುನೂರು ವರ್ಷದ ಹಿಂದೆ ಫ್ರಾನ್ಸಿನ ಪರ ಯುದ್ಧಕ್ಕೆ ಹೋದ ಹಳ್ಳಿ ಹುಡುಗಿಯೊಬ್ಬಳನ್ನು ಜೀವಂತ ಸುಟ್ಟ ಚೌಕಕ್ಕೆ ಹೋದೆವು. ಸುಟ್ಟ ಜಾಗದ ಪಕ್ಕದಲ್ಲೇ ತೆಳ್ಳನೆಯ ಫ್ರೆಂಚ್ ದೋಸೆ ಹುಯ್ಯುತ್ತಾರೆ. ಗಂಡ ಎರಡು ತಿಂದ. ಸುಡಿಸಿದವರು ಇಂಗ್ಲಿಷರು ಎಂದು ಓದಿದ ಮೇಲೆ, ಎಲ್ಲಿಂದ ಬಂದಿರಿ ಎಂದು ಕೇಳಿದವರಿಗೆಲ್ಲ ಅಂದು ಪೂರ್ತಿ ಇಂಡಿಯಾ ಎಂದೇ ಹೇಳಿದೆವು.

ಆದರೆ ಈ ಪ್ರವಾಸಕ್ಕೆ ಒಂದು ಕೆಲಸವೂ ಅಂಟಿಕೊಂಡಿತ್ತು. ಅದು ನನ್ನ ಅತ್ತೆಯದು.

ಅತ್ತೆ ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು. ನಮ್ಮಿಂದ ಸ್ವಲ್ಪ ದೂರದ ಹೌನ್ಸ್ಲೋದಲ್ಲಿ ಒಬ್ಬರೇ ಇದ್ದಾರೆ. ಎಡಮಂಡಿ ಸವೆದು ಹೋಗಿ, ಮನೆಯ ಮೆಟ್ಟಿಲನ್ನು ಕೂತು ಕೂತು ಜಾರಿಕೊಂಡು ಇಳಿಯುತ್ತಿದ್ದರು. ಆಪರೇಷನ್ನಿಗೆ ಆಸ್ಪತ್ರೆಯವರು ಕೊಟ್ಟ ದಿನವನ್ನು ಎರಡು ಸಲ ತಾವೇ ತಪ್ಪಿಸಿದ್ದರು. ಮೊದಲ ಸಲ ಶೀತ, ಎರಡನೆಯ ಸಲ ಕೆಟ್ಟ ಕನಸು. ಮೂರನೆಯ ಸಲ ಕೊಟ್ಟ ದಿನ ನಮ್ಮ ಪ್ರವಾಸ ಮುಗಿದ ಮೇಲಿನ ಮಂಗಳವಾರ. ಇದೂ ತಪ್ಪಿದರೆ ಮತ್ತೆ ಜಿಪಿಯಿಂದ, ಅಂದರೆ ಬಡಾವಣೆಯ ಡಾಕ್ಟರಿಂದ, ಶುರುಮಾಡಿ ಸಾಲಿನ ಕೊನೆಗೆ ನಿಲ್ಲಬೇಕು ಎಂದು ಆಸ್ಪತ್ರೆಯವರು ಹೇಳಿದ್ದರು. ಆ ಸಾಲಿನ ಉದ್ದ ನೋಡಿದರೆ ಅಷ್ಟರಲ್ಲಿ ಅವರು ಮೆಟ್ಟಿಲು ಇಳಿಯುವುದನ್ನೇ ಬಿಟ್ಟಿರುತ್ತಿದ್ದರು.

ನಾವು ಫ್ರಾನ್ಸಿಗೆ ಹೋಗುತ್ತೇವೆಂದು ಗೊತ್ತಾದಾಗ ಅತ್ತೆ ಒಂದು ಶರತ್ತು ಹಾಕಿದರು. ಆ ಊರಿನ ದೊಡ್ಡ ಚರ್ಚಿನಲ್ಲಿ ಮಾತೆಯ ಮುಂದೆ ಮೇಣದ ಬತ್ತಿ ಹಚ್ಚಬೇಕು, ಅದು ಉರಿಯುವುದನ್ನು ಫೋನಿನಲ್ಲಿ ತೋರಿಸಬೇಕು. ಕಣ್ಣಾರೆ ಕಂಡರೆ ಮಂಗಳವಾರ ಆಸ್ಪತ್ರೆಗೆ ಹೋಗುತ್ತೇನೆ, ಇಲ್ಲದಿದ್ದರೆ ಇಲ್ಲ.

ಮೂರು ಗಂಟೆಗೆ ದೊಡ್ಡ ಚರ್ಚಿನ ಮುಂದೆ ನಿಂತೆವು. ಒಳಗೆ ಮೊದಲು ಯಾರು ಹೋಗಬೇಕೆಂದು ವಾದ ಶುರುವಾಯಿತು. ಹುಟ್ಟಿದಾಗಿನಿಂದ ಚರ್ಚಿಗೆ ಹೋದವನು ಅವನು. ಆದರೆ ಸರದಿ ನನ್ನದು. ಸರದಿ ಅಂದರೆ ಸರದಿ. ಬೆಂಗಳೂರಿನ ಬಸವನಗುಡಿಯಲ್ಲಿ ಬೆಳೆದ ನಾನು ಫೋನ್ ಹಿಡಿದು ಒಳಗೆ ನಡೆದೆ.

ಮಾತೆಯ ಮೂರ್ತಿಯ ಮುಂದೆ ಕಬ್ಬಿಣದ ಸ್ಟ್ಯಾಂಡಿನಲ್ಲಿ ಸಪೂರ ಬತ್ತಿಗಳು ಉರಿಯುತ್ತಿದ್ದವು. ಪೆಟ್ಟಿಗೆಗೆ ನಾಣ್ಯ ಹಾಕಿ ಒಂದು ತೆಗೆದುಕೊಂಡೆ. ಹಚ್ಚುವ ಹೊತ್ತಿಗೆ ಕೈ ತಡೆಯಿತು. ನಮ್ಮ ಮನೆಯಲ್ಲಿ ಒಂಟಿ ದೀಪ ಹಚ್ಚುವುದಿಲ್ಲ, ಅಪಶಕುನ. ಆಪರೇಷನ್ನಿನ ಮುಂಚೆ ಯಾಕೆ ಬೇಕು ಎಂದು ಇನ್ನೊಂದು ನಾಣ್ಯ ಹಾಕಿದೆ. ಎರಡನ್ನೂ ಅಕ್ಕಪಕ್ಕ ಚುಚ್ಚಿ ಹಚ್ಚಿ, ಅತ್ತೆಗೆ ವಿಡಿಯೋ ಕರೆ ಮಾಡಿದೆ.

ಅತ್ತೆ ಶಿಲುಬೆ ಗುರುತು ಮಾಡಿಕೊಂಡು, ಕನ್ನಡಕ ಏರಿಸಿ, ಹತ್ತಿರ ಹಿಡಿ ಎಂದರು. ಹಿಡಿದೆ.

"ಎರಡು ಎಂತಕ್ಕೆ?"

"ಒಂಟಿ ದೀಪ ಹಚ್ಚಬಾರದಲ್ವಾ ಮಮ್ಮಿ, ಅದಕ್ಕೆ ಜೋಡಿ."

"ಆಪರೇಷನ್ ಒಂದೇ ಮಂಡಿಗೆ ಉಂಟಲ್ಲ ಮಾರಾಯ್ತಿ. ಇನ್ನೊಂದು ಯಾರದ್ದು?"

ಯಾರದ್ದೂ ಅಲ್ಲ ಎಂದೆ. ಹಾಗೆಲ್ಲ ಯಾರದ್ದೂ ಅಲ್ಲದ ಬತ್ತಿ ಇರುವುದಿಲ್ಲ ಎಂದು ಅವರು ತಿಳಿಹೇಳತೊಡಗಿದರು. ಕೊನೆಗೆ ಎರಡು ಬತ್ತಿ ಎಂದರೆ ಎರಡು ಮಂಡಿ, ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಎಂದು ಅವರೇ ತೀರ್ಮಾನಿಸಿದರು. ನಾನು ತಲೆಯಾಡಿಸಿದೆ. ಆ ಹೊತ್ತಿಗೆ ಹೊರಗಿದ್ದ ಗಂಡನಿಗೆ ಇವಳು ಒಳಗೆ ಏನೋ ಎಡವಟ್ಟು ಮಾಡಿರಬೇಕು ಎನಿಸಿತಂತೆ. ಸೈಕಲ್‌ಗಳನ್ನು ಮೊದಲ ಬಾರಿಗೆ ದೇವರ ಮೇಲೆ ಹಾಕಿ, ಪಕ್ಕದ ದೊಡ್ಡ ಬಾಗಿಲನ್ನು ಜೋರಾಗಿ ತಳ್ಳಿಕೊಂಡು ಬಂದ. ಅವನ ಹಿಂದೆಯೇ ಗಾಳಿಯೂ ಬಂತು. ಎಡಗಡೆಯ ಬತ್ತಿ ಆರಿಹೋಯಿತು.

ಮತ್ತೆ ಹಚ್ಚಲು ಕೈ ಚಾಚಿದೆ. ಮುಟ್ಟಬೇಡ ಎಂದರು ಅತ್ತೆ. ಫೋನಿನ ಪರದೆಯಲ್ಲಿ ಅವರ ಮುಖ ಸಣ್ಣದಾಗಿತ್ತು. ನಿಜಕ್ಕೂ ಹೆದರಿದ್ದರು. ಅಷ್ಟು ಹೊತ್ತು ಒಳಗೊಳಗೇ ನಗುತ್ತಿದ್ದ ನನಗೆ ಆಗ ನಗು ಬರಲಿಲ್ಲ.

"ನನ್ನದು ಎಡ ಮಂಡಿ," ಎಂದರು. "ನಾನು ಮಂಗಳವಾರ ಹೋಗುದಿಲ್ಲ."

ಗಂಡ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡ. ಆಸ್ಪತ್ರೆ, ಸಾಲು, ಜಿಪಿ ಯಾವುದನ್ನೂ ಎತ್ತಲಿಲ್ಲ. ಅದನ್ನೆಲ್ಲ ಎರಡು ಸಲ ಹೇಳಿ ಸೋತಿದ್ದ. ಮೂರ್ತಿಯನ್ನೊಮ್ಮೆ, ಬತ್ತಿಯನ್ನೊಮ್ಮೆ ನೋಡಿದ.

"ಮಮ್ಮಿ, ನಾವು ಈ ಕಡೆ ನಿಂತಿದ್ದೇವೆ, ನಮಗೆ ಅದು ಎಡ. ಮಾತೆ ಆ ಕಡೆಯಿಂದ ನೋಡುದಲ್ವಾ? ಅವರಿಗೆ ಆರಿದ್ದು ಬಲದ್ದು."

ಅತ್ತೆ ಕನ್ನಡಕ ಒರೆಸಿಕೊಂಡರು. ಕ್ಯಾಮೆರಾವನ್ನು ಮೂರ್ತಿಯ ಕಡೆಗೆ ತಿರುಗಿಸು ಎಂದರು. ತಿರುಗಿಸಿದ. ಮಾತೆ ಯಾವ ಕಡೆ ಮುಖ ಮಾಡಿದ್ದಾರೆ ಎಂದು ಅವರೇ ಪರೀಕ್ಷಿಸಿದರು. ಉರಿಯುತ್ತಿದ್ದ ಬತ್ತಿಯನ್ನು ಮತ್ತೊಮ್ಮೆ ತೋರಿಸು ಎಂದರು.

"ಹಾಗಾದ್ರೆ ಬಲದ ಮಂಡಿಗೆ ಎಂತಾದ್ರೂ ಆದ್ರೆ ನೀನೇ ನೋಡ್ಕೋಬೇಕು ಪುತಾ."

"ಬಲದ್ದಕ್ಕೆ ಆಪರೇಷನ್ನೇ ಇಲ್ಲ ಮಮ್ಮಿ."

"ಅದಕ್ಕೇ ಹೇಳಿದ್ದು," ಎಂದು ಕರೆ ಮುಗಿಸಿದರು.

ಹೊರಗೆ ಓಡಿಬಂದೆವು. ಎರಡೂ ಸೈಕಲ್ ಎಲ್ಲಿದ್ದವೋ ಅಲ್ಲೇ ಇದ್ದವು. ಯಾರಿಗೂ ಬೇಕಾಗಿರಲಿಲ್ಲ ಎಂಬುದು ನನಗೆ ಸ್ವಲ್ಪ ಬೇಸರವನ್ನೇ ತಂದಿತು. ಸಂಜೆ ದಿನಚರಿಯಲ್ಲಿ ಅಂದಿನ ಒಂಬತ್ತನೆಯದಾದ ಆ ದೊಡ್ಡ ಚರ್ಚಿನ ಎದುರು "ಇಬ್ಬರೂ ಒಟ್ಟಿಗೆ" ಎಂದು ಬರೆದೆ.

ಮಂಗಳವಾರ ಬೆಳಿಗ್ಗೆ ಅತ್ತೆ ಆಸ್ಪತ್ರೆಗೆ ಹೋದರು. ಟ್ಯಾಕ್ಸಿಯಲ್ಲಿ ಜಪಸರವನ್ನು ಬಲಮಂಡಿಗೆ ಸುತ್ತಿಕೊಂಡಿದ್ದರು. ಎಡದ್ದು ಸರಿಹೋಯಿತು. ಈಗ ಅಕ್ಟೋಬರ್. ಮೆಟ್ಟಿಲನ್ನು ನಿಂತೇ ಇಳಿಯುತ್ತಾರೆ, ಭಾನುವಾರ ಬಸ್ಸಿನಲ್ಲಿ ಚರ್ಚಿಗೆ ಹೋಗಿಬರುತ್ತಾರೆ. ಆದರೆ ಸೆಪ್ಟೆಂಬರಿನಿಂದ ಬಲಮಂಡಿ ನೋಯತೊಡಗಿದೆ. ವಯಸ್ಸಾದ ಸವೆತ ಎಂದರು ಜಿಪಿ. ಅತ್ತೆ ಅದನ್ನು ಒಪ್ಪುವುದಿಲ್ಲ. ಮಾತೆಗೆ ಆರಿದ್ದು ಬಲದ್ದು ಎಂದು ಅಂದು ಮಗನೇ ಹೇಳಿದ್ದಾನಲ್ಲ ಎನ್ನುತ್ತಾರೆ. ಆರಿದ ಬತ್ತಿಯನ್ನು ಅದೇ ಜಾಗದಲ್ಲಿ ಮತ್ತೆ ಹಚ್ಚಿಬರಬೇಕಂತೆ. ಅವರ ಚರ್ಚಿನ ಪಾದ್ರಿಯನ್ನು ಕೇಳಿದೆ. ಅವರು ನಕ್ಕು ಫುಟ್‌ಬಾಲ್ ವಿಷಯ ತೆಗೆದರು. ಬೆಂಗಳೂರಿನಲ್ಲಿರುವ ನನ್ನ ಅಮ್ಮ, ಗಾಳಿಗೆ ಆರಿದ್ದು ಲೆಕ್ಕಕ್ಕಿಲ್ಲ, ಆದರೂ ಹೋಗಿಬನ್ನಿ ಎಂದರು. ಗಂಡ ಆಗಲೇ ಹಡಗಿನ ವೇಳೆ ನೋಡುತ್ತಿದ್ದಾನೆ. ಅವನ ಭಕ್ತಿ ಇರುವುದು ಅಲ್ಲಿನ ಕೇಕುಗಳ ಮೇಲೆ ಎಂದು ನನ್ನ ಅನುಮಾನ.

ಆದ್ದರಿಂದ ಓದುಗರಲ್ಲಿ ಕೇಳುತ್ತಿದ್ದೇನೆ. ಗಾಳಿಗೆ ಆರಿದ ಹರಕೆಯ ಬತ್ತಿಯನ್ನು ಅದೇ ಚರ್ಚಿನಲ್ಲೇ ಹಚ್ಚಬೇಕೇ, ಹೌನ್ಸ್ಲೋದಲ್ಲಿ ಹಚ್ಚಿದರೂ ಸಲ್ಲುತ್ತದೆಯೇ? ಮೂರ್ತಿಯ ಮುಂದೆ ಎಡಬಲ ಎಣಿಸುವುದು ನಮ್ಮ ಕಡೆಯಿಂದಲೋ, ಅವರ ಕಡೆಯಿಂದಲೋ? ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಎರಡನೆಯ ಪ್ರಶ್ನೆಗೆ "ನಮ್ಮ ಕಡೆಯಿಂದ" ಎಂಬುದೇ ಉತ್ತರವಾದರೆ ಕಾಗದವನ್ನು ನನ್ನ ಹೆಸರಿಗೇ ಕಳಿಸಿ, ಅತ್ತೆಯ ಕೈಗೆ ಸಿಗುವುದು ಬೇಡ.