ಮಗಳ ಓದಿಗೆ ನನ್ನ ಬೆನ್ನು

ನನಗೂ ಒಂದು ಬೆನ್ನಿದೆ ಎಂದು ಗೊತ್ತಾದದ್ದು ಐವತ್ತು ದಾಟಿದ ಮೇಲೆ, ಅದೂ ಮಗಳ ದೆಸೆಯಿಂದ. ಅಲ್ಲಿಯವರೆಗೆ ಅದು ಅಂಗಿಯ ಹಿಂಬದಿಯಲ್ಲಿ ಎಲ್ಲೋ ಇತ್ತು. ಉಡುಪಿ ಕಡೆಯಿಂದ ಬಂದ ನನಗೆ ಬೈಕುಲ್ಲಾದಲ್ಲಿ ಒಂದು ಸಣ್ಣ ಹೋಟೆಲುಂಟು. ದುಡ್ಡು ಎಣಿಸುತ್ತ ಗಲ್ಲೆಯಲ್ಲಿ ಕೂತು ಕೂತು, ಬೆನ್ನು ಎಲ್ಲಿ ಮುಗಿಯುತ್ತದೆ, ಕುರ್ಚಿ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯದ ಹಾಗೆ ಆಗಿತ್ತು.

ಮಗಳು ಶ್ರಾವ್ಯ ವಿಲೆ ಪಾರ್ಲೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಾಳೆ. ಎರಡನೆಯ ವರ್ಷದಲ್ಲಿದ್ದಾಗ ಒಂದು ದಿನ ಊಟದ ನಡುವೆ, ಮುಂದೆ ಕೈರೊಪ್ರಾಕ್ಟಿಕ್ ಕಲಿಯುತ್ತೇನೆ ಎಂದಳು. ನಾನೂ ಹೆಂಡತಿ ಸುಜಾತಳೂ ಮುಖ ಮುಖ ನೋಡಿಕೊಂಡೆವು. ಬೆನ್ನುಮೂಳೆ, ಕೀಲುಗಳ ನೋವಿಗೆ ಕೈಯಿಂದಲೇ ಚಿಕಿತ್ಸೆ ಮಾಡುವ ವಿದ್ಯೆಯಂತೆ. ಪದವಿ ಮುಗಿಸಿ ಹೊರದೇಶದ ಕಾಲೇಜಿಗೆ ಅರ್ಜಿ ಹಾಕಬೇಕಂತೆ. ಆ ಹೆಸರಿನೊಳಗೆ ಗ್ರೀಕರ ಭಾಷೆಯ 'ಕೈ' ಇದೆ ಎಂದೂ ಅವಳೇ ಹೇಳಿದಳು. "ಹಾಗಾದರೆ ನಮ್ಮ ಕನ್ನಡದ ಕೈಯೇ ಹಡಗು ಹತ್ತಿ ಅಲ್ಲಿಗೆ ಹೋಗಿರಬೇಕು" ಎಂದೆ. ಯಾರೂ ನಗಲಿಲ್ಲ. ಪಂಡಿತರು ಒಪ್ಪಲಿ ಬಿಡಲಿ, ಆ ಉದ್ದನೆಯ ಹೆಸರು ನನ್ನ ನಾಲಿಗೆಗೆ ಒಗ್ಗಿದ್ದು ಈ ಕೈ ಹಿಡಿದೇ.

ನೆಂಟರಿಗೆ ಹೇಳಿದಾಗ, "ಪಾಪ, ಡಾಕ್ಟರಿಕೆ ಸಿಕ್ಕಲಿಲ್ಲವಾ?" ಎಂದು ಕನಿಕರಪಟ್ಟರು. ಅವಳು ಮಾತ್ರ, ಆ ಅರ್ಜಿಗೆ ಬೇಕೆಂದು, ಎಂದೂ ಸೇರದ ಫಿಸಿಕ್ಸನ್ನು ಕಷಾಯ ಕುಡಿದ ಮುಖ ಮಾಡಿಕೊಂಡು ಓದತೊಡಗಿದಳು. ನನ್ನ ಅಂಗಿಗಳ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ಕಿನ ಬೆನ್ನುಮೂಳೆ ನೇತಾಡತೊಡಗಿತು. ಶನಿವಾರಗಳಂದು ಪಾರ್ಲೆಯಲ್ಲೇ ಒಬ್ಬ ಕೈರೊಪ್ರಾಕ್ಟರ್ ಮೇಡಂ ಅವರ ಕ್ಲಿನಿಕ್ಕಿಗೆ ಹೋಗಿ ಮೂಲೆಯಲ್ಲಿ ನಿಲ್ಲುತ್ತಿದ್ದಳು. ಅಲ್ಲಿನ ನಿಯಮ ಒಂದೇ: ನೋಡಬೇಕು, ಮುಟ್ಟಬಾರದು. ಮೂಳೆಗಳ ಗುರುತು ಹಿಡಿಯುವ ಅಭ್ಯಾಸಕ್ಕೆ ಮನೆಯಲ್ಲಿ ನನ್ನ ಬೆನ್ನಿತ್ತಲ್ಲ. ಬೆರಳ ತುದಿಯಿಂದ ತಡವುತ್ತ ಹೆಸರು ಹೇಳಿಕೊಳ್ಳುತ್ತಿದ್ದಳು, ನಾನು ಗೊರಕೆ ಹೊಡೆಯುತ್ತಿದ್ದೆ. "ಪಪ್ಪಾ, ಸೋ ಮತ್ ಜಾನಾ, ಪ್ಲೀಸ್. ಉಸಿರು ಎಳ್ಕೊಳ್ಳಿ." ಅವಳ ಕನ್ನಡವೂ ಅವಳ ಬೆರಳಿನ ಹಾಗೇ, ತಡವರಿಸುತ್ತ ಮುಂದೆ ಹೋಗುವಂಥದ್ದು.

ಈ ಮಳೆಗಾಲದಲ್ಲಿ ನನ್ನ ಕುತ್ತಿಗೆ ಹಿಡಿದುಕೊಂಡಿತು. ಬೆರಳುಗಳು ಜುಮುಜುಮು ಅನ್ನುತ್ತಿದ್ದವು, ಚಮಚ ಕೈಜಾರುತ್ತಿತ್ತು. ಮನೆಯಲ್ಲೇ ವೈದ್ಯೆ ಬೆಳೆಯುತ್ತಿರುವಾಗ ಚಿಂತೆ ಏಕೆ? "ಒಂದು ಸಲ ಕಟಕ್ ಅನ್ನಿಸಿಬಿಡು ಮಗಾ" ಎಂದೆ.

ಅವಳು ಹತ್ತಿರ ಬಂದವಳು ಕೈ ಹಿಂದೆಗೆದಳು. "ಪಪ್ಪಾ, ಶರ್ಟ್ ಬಟನ್ ಹಾಕೋಕೆ ಕಷ್ಟ ಆಗ್ತಾ ಉಂಟಾ?"

"ಸ್ವಲ್ಪ."

"ಮೆಟ್ಟಿಲು ಇಳಿವಾಗ ಕಾಲು?"

"ಸ್ವಲ್ಪ ಓಲಾಡ್ತದೆ. ವಯಸ್ಸಾಯ್ತಲ್ಲ."

"ನಾನು ಮುಟ್ಟಲ್ಲ. ಬೇರೆ ಯಾರೂ ಮುಟ್ಟಬಾರದು. ನಾಳೆ ಮೇಡಂ ಹತ್ರ ಹೋಗೋಣ."

ನನಗೆ ಕೋಪ ಬಂತು. ಇಷ್ಟು ದಿನ ಬೆನ್ನನ್ನು ಸ್ಲೇಟಿನ ಹಾಗೆ ಕೊಟ್ಟಿದ್ದೆನಲ್ಲ, ಒಂದು ಕಟಕ್‌ಗೆ ಇಷ್ಟು ಬಿಗುಮಾನವೇ? ಮರುದಿನ ಬೆಳಿಗ್ಗೆ ಹೋಟೆಲಿನ ಪಕ್ಕದ ಗಲ್ಲಿಯ ಮೆಹಬೂಬ್ ಭಾಯಿಯ ಸಲೂನಿಗೆ ಹೋದೆ. ವಿಜಯಪುರದವರು, ನನಗೆ ಹಳೆಯ ಗೆಳೆಯ. ಎಣ್ಣೆ ತಟ್ಟಿ, ತಲೆ ತಿಕ್ಕಿ, ಕೊನೆಗೆ ಕುತ್ತಿಗೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ಸದ್ದು ಬರಿಸುವುದರಲ್ಲಿ ಅವರದು ದೊಡ್ಡ ಹೆಸರು. "ಸೆಟ್ರ, ಸಡ್ಲ ಬಿಡ್ರಿ. ಒಂದ ಏಟಿಗೆ ಬಿಡಸ್ತೀನಿ" ಎಂದು ಒಂದು ಕೈ ಗಲ್ಲಕ್ಕೆ, ಒಂದು ಕೈ ತಲೆಗೆ ಇಟ್ಟರು.

ಎದುರಿನ ಕನ್ನಡಿಯಲ್ಲಿ ನನ್ನ ಮುಖ ಕಂಡಿತು. ಅದು ಮಗಳ ಮುಖದ ಹಾಗೆಯೇ ಇದೆ ಎಂದು ಎಲ್ಲರೂ ಹೇಳುತ್ತಾರೆ. ಹಿಂದಿನ ರಾತ್ರಿ ಆ ಮುಖದಲ್ಲಿ ಬಿಗುಮಾನ ಇರಲಿಲ್ಲ, ಹೆದರಿಕೆ ಇತ್ತು ಎಂದು ಆಗ ಹೊಳೆಯಿತು.

"ಭಾಯ್, ಬೇಡ. ಮಗಳು ಬೇಡ ಅಂದಿದ್ದಾಳೆ."

"ಆಯ್ತ್ ಬಿಡ್ರಿ" ಎಂದು ಅವರು ಕೈ ತೆಗೆದರು.

ಅಂದು ಸಂಜೆಯೇ ಪಾರ್ಲೆಗೆ ಹೋದೆವು. ಆ ಮೇಡಂ ಒಂದು ಸಣ್ಣ ಸುತ್ತಿಗೆಯಿಂದ ಮೊಣಕಾಲು ತಟ್ಟಿದರು, ಗೆರೆ ಹಿಡಿದು ನಡೆಸಿದರು. ಕುತ್ತಿಗೆ ತಿರುಗಿಸುವ ಮಾತೇ ಎತ್ತಲಿಲ್ಲ. ನೇರ ಎಂಆರ್‌ಐಗೆ ಬರೆದುಕೊಟ್ಟು, ಶ್ರಾವ್ಯಳ ಕಡೆ ನೋಡಿ ತಲೆದೂಗಿದರು. ಕುತ್ತಿಗೆಯ ಒಂದು ಡಿಸ್ಕು ಜಾರಿ ಒಳಗಿನ ಬೆನ್ನುಹುರಿಯನ್ನೇ ಒತ್ತುತ್ತಿತ್ತು. ಜೋರಾಗಿ ತಿರುಗಿಸಿದ್ದರೆ ಕೈಕಾಲು ಬಿದ್ದುಹೋಗುವ ಸಾಧ್ಯತೆ ಇತ್ತು ಎಂದು ಆಸ್ಪತ್ರೆಯ ಸರ್ಜನ್ ಹೇಳಿದರು. ಆಪರೇಷನ್ ಆಯಿತು. ದೇವರ ದಯೆ, ಸುಸೂತ್ರವಾಗಿ ಆಯಿತು.

ಮೆಹಬೂಬ್ ಭಾಯಿ ಮೋಸಂಬಿ ಹಿಡಿದು ಆಸ್ಪತ್ರೆಗೆ ಬಂದರು. ಹಾಸಿಗೆಯ ಪಕ್ಕ ಕೂತು, ತಮ್ಮ ಎರಡು ಅಂಗೈಗಳನ್ನೂ ನೋಡಿಕೊಂಡರು. "ನೀವು ಬ್ಯಾಡ ಅಂದಿದ್ದು ನನ್ನ ನಸೀಬ್ರಿ" ಎಂದರು. ನಿಮ್ಮದಲ್ಲ, ನನ್ನದು ಎಂದೆ. ಇದರ ಮೇಲೆ ಸ್ವಲ್ಪ ಹೊತ್ತು ನಮ್ಮಿಬ್ಬರಲ್ಲಿ ಚೌಕಾಸಿ ನಡೆಯಿತು. ಈಗ ಅವರು ಯಾರ ಕುತ್ತಿಗೆಯನ್ನೂ ತಿರುಗಿಸುವುದಿಲ್ಲ. ಎಣ್ಣೆಯನ್ನು ಮಾತ್ರ ಮೊದಲಿಗಿಂತ ಧಾರಾಳವಾಗಿ ತಟ್ಟುತ್ತಾರೆ.

ಗುಂಡಿ ಹಾಕಲು ಬೆರಳು ಮತ್ತೆ ಕಲಿತಿದೆ. ಶ್ರಾವ್ಯ ಕೊನೆಯ ವರ್ಷಕ್ಕೆ ಬಂದಿದ್ದಾಳೆ, ಫಿಸಿಕ್ಸನ್ನೂ ಹೇಗೋ ದಾಟಿದ್ದಾಳೆ. ಡಾಕ್ಟರು ಅನುಮತಿ ಕೊಟ್ಟ ಮೇಲೆ, ಕಳೆದ ಭಾನುವಾರ, ಬೆನ್ನು ಬೇಕೇ ಎಂದು ನಾನೇ ಕೇಳಿದೆ. ಅವಳು ಕುತ್ತಿಗೆಯನ್ನು ಬಿಟ್ಟು, ತೀರ ಕೆಳಗಿನಿಂದ ಶುರುಮಾಡಿದಳು. ಪ್ರತಿ ಮೂಳೆಗೂ ಬೆರಳು ಎರಡೆರಡು ಸಲ ಹೋಗಿ ಬರುತ್ತಿತ್ತು.

"ಹೆದರಿಕೆಯಾ?" ಎಂದೆ.

"ಸ್ವಲ್ಪ."

"ಅದನ್ನು ಅಷ್ಟೇ ಇಟ್ಟುಕೋ. ಹೆಚ್ಚು ಮಾಡಬೇಡ, ಪೂರ್ತಿ ಬಿಡಲೂ ಬೇಡ" ಎಂದೆ. ಅವಳು ಹ್ಞೂಂ ಎಂದು ಮುಂದಿನ ಮೂಳೆಗೆ ಬೆರಳು ಸರಿಸಿದಳು. ನಾನು ಆ ದಿನ ನಿದ್ದೆ ಮಾಡಲಿಲ್ಲ, ಉಸಿರು ಎಳೆದುಕೊಂಡು ಎಲ್ಲ ಮೂಳೆಗಳ ಹೆಸರನ್ನೂ ಕೊನೆಯವರೆಗೆ ಕೇಳಿಸಿಕೊಂಡೆ.