ನನ್ನ ಟ್ರಂಕಿನಲ್ಲಿದ್ದ ಆದೇಶ

ಸೋಮವಾರ, ಬೆಳಿಗ್ಗೆ ಆರು ಗಂಟೆ. ಸ್ಥಳ, ನಮ್ಮ ಮನೆಯ ಪಡಸಾಲೆ. ಹಾಜರಿರುವವರು, ನಾನು, ಒಳಗೆ ಅಡುಗೆಮನೆಯಲ್ಲಿ ನನ್ನ ಹೆಂಡತಿ.

ರೇಣುಕಾ, ಅವತ್ತು ನೀನು ಕೇಳಿದ ಕಾಗದ ನನ್ನ ಹತ್ತಿರ ಇತ್ತು. "ಇಲ್ಲವ್ವ" ಎಂದು ನಾನು ಹೇಳಿದ್ದು ಸುಳ್ಳು. ನೀನು ಕೂತಿದ್ದ ಕಟ್ಟೆಯಿಂದ ಎಂಟು ಹೆಜ್ಜೆ ಒಳಗೆ, ಮಂಚದ ಕೆಳಗಿನ ಟ್ರಂಕಿನಲ್ಲಿ, ಏಳನೆಯ ಕಟ್ಟಿನಲ್ಲಿ, ಮೇಲಿನಿಂದ ಮೂರನೆಯ ಹಾಳೆ. ಇಷ್ಟು ಖಚಿತವಾಗಿ ಗೊತ್ತಿತ್ತು — ಗೊತ್ತಿದ್ದೇ ಇಲ್ಲ ಎಂದೆ.

ಇನ್ನೊಂದು. ನಿಮ್ಮ ಹಿತ್ತಲಿನಲ್ಲಿ ನಿಲ್ಲಬೇಕಿದ್ದ ಮೊಬೈಲ್ ಟವರಿನ ಮೇಲೆ ಬಂದ ತಕರಾರು ಅರ್ಜಿಯನ್ನು ಬರೆದವನೂ ನಾನೇ. ಕಿರಾಣಿ ವೀರಪ್ಪ ಅದಕ್ಕೆ ಸಹಿ ಮಾತ್ರ ಹಾಕಿದ. ಎರಡು ವರ್ಷದಿಂದ ನೀವು ಅವನ ಅಂಗಡಿಯ ಉಪ್ಪು ತಂದಿಲ್ಲ. ನನ್ನ ಮನೆಗೆ ಮಾತ್ರ ನಿಮ್ಮ ಹೊಲದ ಮೊದಲ ಸಜ್ಜೆ ತಪ್ಪದೆ ಬರುತ್ತಿದೆ.

ನಿನಗೆ ಗೊತ್ತಿರುವುದನ್ನೂ ಕ್ರಮವಾಗಿ ಬರೆಯುತ್ತೇನೆ. ಇದರ ಒಂದು ಪ್ರತಿ ಪಟ್ಟಣ ಪಂಚಾಯಿತಿಗೆ ಹೋಗಬೇಕು. ಅಲ್ಲಿ ಓದುವವರಿಗೆ ನಾವ್ಯಾರೂ ಗೊತ್ತಿಲ್ಲ.

ನಿನ್ನ ಅಪ್ಪ ಶರಣಪ್ಪ ನಮ್ಮ ಶಾಲೆಯ ಜವಾನ. ನಾನು ಹೆಡ್‌ಮಾಸ್ತರ್. ಹತ್ತು ಗಂಟೆಗೆ ಅವನು ಗಂಟೆ ಹೊಡೆದರೆ ನಾನು ನನ್ನ ಗಡಿಯಾರ ನೋಡುತ್ತಿದ್ದೆ, ಅವನನ್ನು ತಿದ್ದುವುದಕ್ಕಲ್ಲ, ಗಡಿಯಾರವನ್ನು ತಿದ್ದಿಕೊಳ್ಳುವುದಕ್ಕೆ. ಇಬ್ಬರೂ ಒಂದೇ ವರ್ಷ ನಿವೃತ್ತರಾದೆವು. ಆಮೇಲೆ ನಾನು ಸುಮ್ಮನೆ ಕೂಡಲಿಲ್ಲ. ಐದಕ್ಕೆ ಎದ್ದು ಗುಡ್ಡದ ತನಕ ನಡಿಗೆ, ಬರುವಾಗ ಪಂಚಾಯಿತಿಯ ನೋಟಿಸು ಹಲಗೆ ಓದುವುದು, ಏಳರಿಂದ ಒಂಬತ್ತರವರೆಗೆ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಬಂದವರಿಗೆ ಅರ್ಜಿ ಬರೆದುಕೊಡುವುದು. ವಿಧವಾ ವೇತನ, ನಳದ ಜೋಡಣೆ, ಪಹಣಿ ತಿದ್ದುಪಡಿ. ಯಾರಿಂದಲೂ ಏನೂ ತೆಗೆದುಕೊಂಡವನಲ್ಲ. ಆದರೆ ಕಟ್ಟೆಯ ಕೆಳಗೆ ಬಿಟ್ಟ ಚಪ್ಪಲಿಗಳನ್ನು ಕಣ್ಣಿನಲ್ಲೇ ಎಣಿಸುತ್ತಿದ್ದೆ. ಅದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಆಮೇಲೆ ನೀನು ಗಂಡನ ಮನೆ ಬಿಟ್ಟು ಬಂದೆ. ಅದರ ಕಾರಣ ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ. ಅಪ್ಪನ ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರು, ಒಂದು ಹೆಬ್ಬೆಟ್ಟಿನ ಯಂತ್ರ ಇಟ್ಟು ಆನ್‌ಲೈನ್ ಅರ್ಜಿಯ ಅಂಗಡಿ ತೆರೆದೆ. ಮೊದಲು ಅದು ಸರಿಯಾಗಿ ನಡೆಯುತ್ತಿರಲಿಲ್ಲ. ನಮ್ಮ ಓಣಿ ಗುಡ್ಡದ ಮರೆಯಲ್ಲಿದೆ, ಸಿಗ್ನಲ್ ಬರುತ್ತಿರಲಿಲ್ಲ. ಆಗ ಕಂಪನಿಯವರು ಲಾರಿಯ ಮೇಲೆ ಕೂಡಿಸಿದ ಟವರನ್ನು ತಂದು ನಿಮ್ಮ ಮನೆಯ ಪಕ್ಕದ ಖುಲ್ಲಾ ಜಾಗದಲ್ಲಿ ನಿಲ್ಲಿಸಿದರು. ಅದು ತಾತ್ಕಾಲಿಕ, ಕೆಲವು ತಿಂಗಳ ಪರವಾನಗಿ. ಜನ ಅದನ್ನು ಗಾಲಿ ಟವರ್ ಎಂದರು. ಕಾಯಂ ಟವರನ್ನು ನಿಮ್ಮ ಹಿತ್ತಲಿನಲ್ಲೇ ನಿಲ್ಲಿಸುವ ಮಾತಾಯಿತು.

ಗಾಲಿ ಟವರ್ ಬಂದ ವಾರದಲ್ಲೇ ನನ್ನ ಕಟ್ಟೆಯ ಕೆಳಗಿನ ಚಪ್ಪಲಿಗಳು ನಿಮ್ಮ ಬಾಗಿಲಿಗೆ ಹೋದವು.

ನನಗೆ ಎಲ್ಲವೂ ಕೂತಲ್ಲಿಂದಲೇ ಕಾಣುತ್ತಿತ್ತು. ಅದೇ ಕೆಟ್ಟದ್ದು. ಹನುಮವ್ವ, ಹನ್ನೊಂದು ವರ್ಷ ನನ್ನಿಂದ ಅರ್ಜಿ ಬರೆಸಿಕೊಂಡವಳು, ಸೆರಗು ಮುಂದೆಳೆದುಕೊಂಡು ನನ್ನ ಕಟ್ಟೆ ದಾಟಿ ಹೋದಳು. ನಾನೇ ಕರೆದೆ.

"ಎಲ್ಲಿಗೆ ಹೊಂಟಿ ಹನುಮವ್ವ?"

"ಅಕ್ಕೋರ ಹಂತೇಕ್ ಹೊಂಟೇನ್ರಿ ಸರ್. ಬಟ್ಟ ಒತ್ತಿದ್ರ ಅಲ್ಲೇ ಆಗಿಬಿಡತೈತಂತ. ನಿಮಗ್ಯಾಕ ಸುಮ್ನ ತ್ರಾಸ."

ಅಕ್ಕೋರು. ನಮ್ಮ ಕಡೆ ಶಿಕ್ಷಕಿಯರಿಗೆ ಮಾತ್ರ ಹಾಗೆನ್ನುತ್ತಾರೆ. ಜವಾನನ ಮಗಳು, ನನ್ನ ಮುಂದೆ ಕಾಗುಣಿತ ತಿದ್ದಿಸಿಕೊಂಡವಳು, ಅಕ್ಕೋರು — ನಾನು ಹೀಗೆ ಯೋಚಿಸಿದೆ, ರೇಣುಕಾ. ಇದೇ ಮಾತುಗಳಲ್ಲಿ. ಮೂವತ್ತು ವರ್ಷ ಮಕ್ಕಳಿಗೆ ಎಲ್ಲರೂ ಸಮಾನರು ಎಂದು ಬಾಯಿಪಾಠ ಮಾಡಿಸಿದವನು ಕಟ್ಟೆಯ ಮೇಲೆ ಕೂತು ಹೀಗೆ ಯೋಚಿಸಿದೆ.

ನಿನ್ನ ಯಂತ್ರದಿಂದ ಕಾಗದ ಹೊರಬರುವ ಸದ್ದು ನನಗೆ ಕೇಳುತ್ತಿತ್ತು. ಒಂದು ಸದ್ದಿಗೆ ಒಂದು ಅರ್ಜಿ. ನಾನು ಅರ್ಧ ತಾಸು ಬರೆಯುವುದನ್ನು ಅದು... ಲೆಕ್ಕ ಹಾಕುವುದು ಬೇಡ ಎಂದು ಒಳಗೆ ಹೋಗುತ್ತಿದ್ದೆ, ಮತ್ತೆ ಹೊರಗೆ ಬರುತ್ತಿದ್ದೆ. ಏಳರಿಂದ ಒಂಬತ್ತು, ಕೂಡುವ ಹೊತ್ತು ತಪ್ಪಿಸಲಿಲ್ಲ. ಬರಿದಾದ ಕಟ್ಟೆಯ ಮೇಲೆ ಮಸಿ ತುಂಬಿದ ಪೆನ್ನು ಹಿಡಿದು ಕೂತೆ.

ಹಾಗೆ ಕೂತಿದ್ದ ದಿನಗಳಲ್ಲೇ ನೋಟಿಸು ಹಲಗೆಯ ಮೇಲೆ ನಿಮ್ಮ ಹಿತ್ತಲಿನ ಕಾಯಂ ಟವರಿನ ಪ್ರಕಟಣೆ ಕಂಡೆ: ತಕರಾರು ಇದ್ದವರು ಬರಹದಲ್ಲಿ ಸಲ್ಲಿಸಬೇಕು. ಶಾಲೆಯ ಸಮೀಪ ಟವರು ಇರಕೂಡದೆಂಬ ನಿಯಮ ನನಗೆ ಗೊತ್ತಿತ್ತು. ನಿಮ್ಮ ಹಿತ್ತಲಿನ ಹಿಂದೆಯೇ ನಮ್ಮ ಹಳೆಯ ಶಾಲೆ. ಮಕ್ಕಳು ಅಲ್ಲಿ ಇರಲಿಲ್ಲ. ನನ್ನ ಸೇವೆಯ ಕೊನೆಯ ವರ್ಷವೇ ಶಾಲೆ ಊರ ಹೊರಗಿನ ಹೊಸ ಕಟ್ಟಡಕ್ಕೆ ಹೋಗಿತ್ತು, ಹಳೆಯದರಲ್ಲಿ ಮುರಿದ ಬೆಂಚು ತುಂಬಿದ್ದರು. ಆದರೆ ಪಂಚಾಯಿತಿಯ ನಕಾಶೆಯಲ್ಲಿ ಅದು ಇನ್ನೂ ಶಾಲೆ. ಗೋಡೆಯ ಮೇಲೆ ಹೆಸರೂ ಇತ್ತು, ನಾನೇ ನಿಂತು ಬರೆಸಿದ ಅಕ್ಷರ.

ನನ್ನ ಕೈಬರಹ ಊರಿಗೆಲ್ಲ ಗೊತ್ತು. ಅದಕ್ಕೆ ಬಸ್ಸು ಹತ್ತಿ ಕುಷ್ಟಗಿಗೆ ಹೋಗಿ ಟೈಪು ಮಾಡಿಸಿದೆ. ಜೀವನದಲ್ಲಿ ಮೊದಲ ಸಲ ಬೇರೆಯವರ ಅಕ್ಷರದಲ್ಲಿ ಅರ್ಜಿ. ಎಷ್ಟು ಚೆನ್ನಾಗಿ ಬರೆದಿದ್ದೆ — ಮಕ್ಕಳ ಆರೋಗ್ಯ, ಹಿರಿಯರ ಆತಂಕ, ಓಣಿಯ ಹಿತ. ಒಂದು ಸಾಲೂ ನನ್ನ ಹೊಟ್ಟೆಯುರಿಯ ಬಗ್ಗೆ ಇರಲಿಲ್ಲ. ಸಹಿಗೆ ವೀರಪ್ಪನ ಅಂಗಡಿಗೆ ಹೋದೆ. ಅವನು ಓದಿ ಕನ್ನಡಕದ ಮೇಲಿಂದ ನೋಡಿದ.

"ಸಾಲಿ ಅಲ್ಲಿಂದ ಹೋಗಿ ಯಾವ ಕಾಲ ಆತಲ್ರಿ ಸರ್?"

"ನಕಾಶೆಯೊಳಗ ಐತಿ."

"ನಕಾಶೆಯೊಳಗ ಹುಡುಗ್ರು ಕುಂತು ಮಗ್ಗಿ ಹೇಳ್ತಾವೇನ್ರಿ ಮತ್ತ?" ಎಂದು ನಕ್ಕ. ನಾನು ನಗಲಿಲ್ಲ. ಅವನು ನಗು ನಿಲ್ಲಿಸಿದ. "ಆತ್ ಬಿಡ್ರಿ. ನೀವು ಸುಮ್ಮಸುಮ್ಮನ ಬರ್ಯಾವರಲ್ಲ," ಎಂದು ಸಹಿ ಹಾಕಿದ. ಯಾರ ಅರ್ಜಿ ಎಂದು ಅವನು ಈವರೆಗೂ ಬಾಯಿ ಬಿಟ್ಟಿಲ್ಲ. ಬಿಡಬೇಡ ಎಂದು ನಾನು ಹೇಳಿರಲಿಲ್ಲ. ನನ್ನ ವಿದ್ಯಾರ್ಥಿ, ಅವನಿಗೇ ಅರ್ಥವಾಗಿತ್ತು.

ಆಮೇಲೆ ಆದದ್ದು ನಾನು ಎಣಿಸದ್ದು. ತಕರಾರಿಗೆ ಉತ್ತರ ಕೊಡಿ ಎಂದು ಪಂಚಾಯಿತಿಯ ಪತ್ರ ನಿಮಗೆ ಬಂತು. ಆ ಪತ್ರ ಹಿಡಿದು ನೀನೂ ಅಪ್ಪನೂ ಬಂದದ್ದು — ನನ್ನ ಕಟ್ಟೆಗೆ. ಈ ಊರಿನಲ್ಲಿ ಉತ್ತರ ಬರೆಸಬೇಕೆಂದರೆ ಇನ್ನೆಲ್ಲಿಗೆ ಹೋಗುತ್ತಾರೆ?

"ನಮೂನಿ ತುಂಬಾಕ ನನಗ ಬರತೈತ್ರಿ ಸರ್," ಎಂದೆ ನೀನು. "ಹಿಂಗ ತಿಳಿಸಿ ಬರಿಯಾಕ ನಿಮಗಷ್ಟ ಬರತೈತಿ."

ಆ ಒಂದು ಮಾತಿಗೆ ನನ್ನ ಉರಿ ಆರಬೇಕಿತ್ತು. ನಾನು ಕಾಯುತ್ತಿದ್ದದ್ದು ಅದೇ ಮಾತನ್ನಲ್ಲವೇ? ಆರಲಿಲ್ಲ. ನೀನು ಮಾತಾಡುವಾಗಲೇ ಇಬ್ಬರು ಬಂದು, "ಅಕ್ಕೋರ, ಅಂಗಡಿ ಯಾವಾಗ ತೆಗೀತೀರಿ?" ಎಂದು ನಿನ್ನನ್ನು ಕೇಳಿದರು. ನನ್ನ ಕಟ್ಟೆಯ ಮುಂದೆ ನಿಂತು, ನನ್ನ ಕಡೆ ನೋಡದೆ.

ನಾನು ಬರೆಯಲು ಶುರುಮಾಡಿದೆ. ನೀನು ಬಗ್ಗಿ ಹೇಳಿದೆ: "ಸಾಲಿ ಈಗ ಅಲ್ಲಿ ಇಲ್ಲಂತ ಬರೀರಿ ಸರ್. ಸಾಲಿ ಸ್ಥಳಾಂತರದ ಆದೇಶ ಹಚ್ಚಿದ್ರ ಮುಗೀತು. ಹೊಸ ಸಾಲ್ಯಾಗಿನ ಪ್ರತಿಗೆ ಗೆದ್ದಲ ಹತ್ಯಾವ. ನಿಮ್ಮ ಹಂತೇಕ ಒಂದು ಇರಬೇಕಲ್ರಿ?"

"ಇಲ್ಲವ್ವ."

ಪೆನ್ನು ಎತ್ತದೆ ಹೇಳಿದೆ. ನಿನ್ನ ಅಪ್ಪ ನನ್ನ ಮುಖ ನೋಡಿದ. ನಿವೃತ್ತಿಯ ದಿನ ನನ್ನ ಶಾಲಾ ಕಾಗದಗಳ ಆ ಕಟ್ಟುಗಳನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದವನು ಅವನೇ. ಟ್ರಂಕನ್ನು ಹೆಗಲ ಮೇಲೆ ಹೊತ್ತು ನನ್ನ ಮಂಚದ ಕೆಳಗೆ ಸರಿಸಿದವನೂ ಅವನೇ. ಒಂದು ಹಾಳೆಯೂ ಹೊರಗೆ ಹೋಗಿಲ್ಲ ಎಂದು ಅವನಿಗೆ ಗೊತ್ತಿತ್ತು.

"ಸರ್ ಇಲ್ಲ ಅಂದ್ರ ಇಲ್ಲವ್ವ," ಎಂದ ಶರಣಪ್ಪ. "ಹಂಗ ಬರೀರಿ ಸರ್."

ನಾನು ಬರೆದೆ. ಮೂರು ಪುಟ, ಒಂದು ಚಿತ್ತಿಲ್ಲದೆ. ವಿನಯ, ಕಳಕಳಿ, ನಿನ್ನ ಸಂಕಷ್ಟ, ಎಲ್ಲ ಇತ್ತು. ಬೇಕಾದ ಒಂದು ಹಾಳೆ ಇರಲಿಲ್ಲ. ಶಿಕ್ಷಣ ಇಲಾಖೆಯಲ್ಲಿ ಹುಡುಕಿಸಲು ನೀನು ಎರಡು ಸಲ ಓಡಾಡಿದೆ. ಹುಡುಕುತ್ತಿದ್ದಂತೆಯೇ ಅವಧಿ ಮುಗಿಯಿತು. ದಾಖಲೆ ಇಲ್ಲವೆಂದು ಪರವಾನಗಿ ಸಿಗಲಿಲ್ಲ. ಆ ಸುದ್ದಿ ಬಂದ ದಿನ ರಾತ್ರಿ ಒಂದು ಸಲ ಟ್ರಂಕು ಎಳೆದು ಏಳನೆಯ ಕಟ್ಟು ಬಿಚ್ಚಿದೆ. ಆದೇಶ ಓದಿದೆ. ಈಗಲೂ ಕೊಡಬಹುದು, ಮೇಲ್ಮನವಿಗೆ ಹೊತ್ತಿದೆ ಎಂದು... ಮತ್ತೆ ಕಟ್ಟಿದೆ. ಮಲಗುವ ಹೊತ್ತಾಗಿತ್ತು, ಮಲಗಿದೆ. ನಿದ್ದೆಯೂ ಬಂತು. ಅದನ್ನೂ ಬರೆಯಬೇಕು.

ಗಾಲಿ ಟವರಿನ ಪರವಾನಗಿ ಮುಗಿದು ಲಾರಿ ಹೋಯಿತು. ಕಾಯಂ ಟವರು ಬಸ್‌ಸ್ಟ್ಯಾಂಡಿನ ಆಚೆ ನಿಂತಿತು. ನಮ್ಮ ಓಣಿಗೆ ಗುಡ್ಡದ ಮರೆ ಹಾಗೇ ಉಳಿಯಿತು. ಸಿಗ್ನಲ್ ಸಿಗಲೆಂದು ನೀನು ಯಂತ್ರವನ್ನು ಮಾಳಿಗೆಯ ಮೇಲೆ ಒಯ್ದು ಕೂತೆ. ಹನುಮವ್ವನಂಥವರಿಗೆ ಏಣಿ ಹತ್ತಲಾಗಲಿಲ್ಲ. ಎರಡು ತಿಂಗಳಲ್ಲಿ ಅಂಗಡಿಯ ಬಾಗಿಲು ಹಾಕಿದೆ. ಈಗ ಬೆಳಗಿನ ಏಳರ ಬಸ್ಸಿಗೆ ಕುಷ್ಟಗಿಗೆ ಹೋಗಿ ಬೇರೆಯವರ ಅಂಗಡಿಯಲ್ಲಿ ದಿನಗೂಲಿಗೆ ಕೂಡುತ್ತೀ. ದಿನಾ ನನ್ನ ಕಟ್ಟೆ ದಾಟುವಾಗ "ನಮಸ್ಕಾರ್ರಿ ಸರ್" ಎನ್ನುತ್ತೀ.

ಚಪ್ಪಲಿಗಳು ನನ್ನ ಕಟ್ಟೆಗೆ ಮರಳಿ ಬರಲಿಲ್ಲ. ಹನುಮವ್ವ ಒಮ್ಮೆ ಬಂದಳು, ಬರೆದುಕೊಟ್ಟೆ. ಕಚೇರಿಯವರು ಹಿಂದಕ್ಕೆ ಕಳಿಸಿದರು, "ಆನ್‌ಲೈನ್ ಮಾಡಿಸ್ಕೊಂಡ್ ಬಾರಬೇ" ಎಂದು. ನನ್ನ ಹಾಳೆಯನ್ನು ಅವಳು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ವರ್ಷಕ್ಕೊಮ್ಮೆ ಶರಣಪ್ಪ ಬಂದು ನನ್ನ ಜೊತೆ ಕೂತು ಆ ಕಟ್ಟುಗಳನ್ನು ಬಿಚ್ಚಿ, ದೂಳು ಝಾಡಿಸಿ, ಬೇವಿನ ಎಲೆ ಇಟ್ಟು ಮತ್ತೆ ಕಟ್ಟುತ್ತಾನೆ. ಶಾಲೆಯಲ್ಲಿ ಮಾಡುತ್ತಿದ್ದದ್ದು, ನಾವು ಬಿಟ್ಟಿಲ್ಲ. ಹೋದ ವರ್ಷ ಅವನಿಗೆ ಜ್ವರ, ಬರಲಿಲ್ಲ. ನಿನ್ನೆ ಭಾನುವಾರ ಬಂದ. ಆರು ಕಟ್ಟು ಮುಗಿದವು. ಏಳನೆಯದನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಗಂಟನ್ನು ನೋಡಿದ. ಅವನು ಎಡಗೈಯವನು, ಅವನ ಗಂಟು ಎಡಕ್ಕೆ ಬಾಗುತ್ತದೆ. ಇದು ನಾನು ಕಟ್ಟಿದ್ದು, ಬಲಕ್ಕಿತ್ತು. ಬಹಳ ಹೊತ್ತು ನೋಡಿದ. ಬಿಚ್ಚದೆ ಪಕ್ಕಕ್ಕಿಟ್ಟ.

"ಇದಿರ್ಲಿ ಬಿಡ್ರಿ ಸರ್. ಇದರಾಗ ಏನೂ ಇಲ್ಲ."

ನನ್ನ ಮಾತನ್ನೇ ಅವನು ಹೇಳಿದ. ನನ್ನ ಮರ್ಯಾದೆ ಉಳಿಸುವುದಕ್ಕೆ.

ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ಅದೇ ಸೋಮವಾರ, ಸಂಜೆ ಐದು ಗಂಟೆ. ಹತ್ತೂವರೆಗೆ ಪಂಚಾಯಿತಿಗೆ ಹೋಗಿ ಆದೇಶದ ನಕಲು, ಇಲ್ಲಿಯವರೆಗಿನ ಬರಹದ ಪ್ರತಿ, ಹೊಸದಾಗಿ ಪರಿಶೀಲಿಸಬೇಕೆಂಬ ಮನವಿ, ಮೂರನ್ನೂ ನನ್ನ ಕೈಬರಹದಲ್ಲಿ, ನನ್ನ ಹೆಸರಿನಲ್ಲಿ ಕೊಟ್ಟೆ. ಮೊಹರು ಹಾಕಿಸಿಕೊಂಡೆ. ಕಂಪನಿಯವರು ಮತ್ತೆ ಬರುತ್ತಾರೋ ಇಲ್ಲವೋ ಪಂಚಾಯಿತಿಯವರಿಗೂ ಗೊತ್ತಿಲ್ಲವಂತೆ. ಹನ್ನೆರಡಕ್ಕೆ ವೀರಪ್ಪನ ಅಂಗಡಿಯಲ್ಲಿ, ನಾಲ್ಕು ಜನರೆದುರು, ಅರ್ಜಿ ನನ್ನದೆಂದು ಹೇಳಿದೆ. ಅವನು ತಕ್ಕಡಿಯಿಂದ ಕಣ್ಣೆತ್ತಲಿಲ್ಲ.

ಮೂರಕ್ಕೆ ನಿಮ್ಮ ಮನೆಗೆ ಹೋದೆ. ನಿನ್ನ ಅಪ್ಪ ಹಗ್ಗ ಹೊಸೆಯುತ್ತಿದ್ದ. ಎಲ್ಲ ಹೇಳಿ, "ಅವತ್ತ ಯಾಕ ಸುಮ್ನಿದ್ದಿ ಶರಣಪ್ಪ?" ಎಂದು ಕೇಳಿದೆ.

"ಮಗಳ ಮುಂದ ನಿಮ್ಮನ್ನ ಸುಳ್ಳ ಮಾಡ್ಲೇನ್ರಿ?" ಎಂದ. ಹಗ್ಗಕ್ಕೆ ಇನ್ನೊಂದು ಎಳೆ ಸೇರಿಸಿ, "ಸಂಜೀಕ ಆಕಿ ಬರ್ತಾಳ. ಆಕಿಗೆ ಹೇಳ್ರಿ. ನನಗಲ್ಲ."

ಏಳನೆಯ ಕಟ್ಟನ್ನು ಜೊತೆಗೆ ಒಯ್ದಿದ್ದೆ. ಆದೇಶದ ಮೂಲ ಪ್ರತಿ ತೆಗೆದಿಟ್ಟಿದ್ದರಿಂದ ಅದು ಬಿಚ್ಚಿಕೊಂಡಿತ್ತು. ಅಭ್ಯಾಸಬಲದಿಂದ, ಕಟ್ಟಿಕೊಡಲೆಂದು ಅವನ ಮುಂದೆ ಹಿಡಿದೆ. ಮೂವತ್ತು ವರ್ಷದಲ್ಲಿ ಅವನು ನನಗೆ ಒಮ್ಮೆಯೂ ಆಗುವುದಿಲ್ಲ ಎಂದವನಲ್ಲ.

"ನೀವ ಕಟ್ಕೊಳ್ರಿ ಸರ್," ಎಂದ. ಹಗ್ಗದಿಂದ ಕೈ ತೆಗೆಯಲಿಲ್ಲ.

ಮನೆಗೆ ತಂದೆ. ಮೂಲ ಆದೇಶವನ್ನು ಈ ಹಾಳೆಗಳ ಜೊತೆ ಲಕೋಟೆಯಲ್ಲಿ ಹಾಕಿದ್ದೇನೆ. ಇನ್ನು ಅದು ನಿನ್ನದು. ನಿನ್ನ ಬಸ್ಸು ಬರುವ ಹೊತ್ತಿಗೆ ನಿಲ್ದಾಣದಲ್ಲಿ ನಿಂತು ನಿನ್ನ ಕೈಗೇ ಕೊಡುತ್ತೇನೆ. ಬೆಳಿಗ್ಗೆ ನನ್ನ ಕಟ್ಟೆ ದಾಟುವಾಗ ನಮಸ್ಕಾರ ಹೇಳಬೇಕಾದದ್ದಿಲ್ಲ. ಆದರೂ ಏಳಕ್ಕೆ ನಾನು ಅಲ್ಲಿ ಕೂತಿರುತ್ತೇನೆ, ಮುಖ ತಪ್ಪಿಸುವುದಿಲ್ಲ.

ಉಳಿದ ಹಾಳೆಗಳನ್ನು ಸರಿಯಾಗಿ ಜೋಡಿಸಿ, ಬೇವಿನ ಎಲೆ ಇಟ್ಟು, ಕೆಂಪು ಬಟ್ಟೆ ಸುತ್ತಿ, ಏಳನೆಯ ಕಟ್ಟನ್ನು ನಾನೇ ಕಟ್ಟಿದೆ. ಗಂಟು ಬಲಕ್ಕೆ ಬಂತು. ಹಾಗೇ ಬಿಟ್ಟು ಟ್ರಂಕು ಮುಚ್ಚಿದೆ.