ಕೋಡಿರುವ ಬಂಪರ್

ಗೆಳೆಯರೇ, ನಮ್ಮ ಹಳೇ ಜೀಪಿಗೆ ಉಕ್ಕಿನ ಪೈಪು ಕೊಯ್ದು, ವೆಲ್ಡಿಂಗ್ ಮಾಡಿ, ನಾನೇ ಬಂಪರ್ ಕೂರಿಸಿದ್ದೇನೆ. ಚಂದ ಕಾಣಲೆಂದು ಎರಡೂ ತುದಿಗಳನ್ನು ಕೋಡಿನಂತೆ ಮೇಲಕ್ಕೆ ಬಗ್ಗಿಸಿದ್ದೆ.

“ಮನ್ಯಾಗ ಮಾಡಿದ್ದು, ಒಮ್ಮೆ ಜಗ್ಗಿದ್ರ ಕಿತ್ತ ಬರ್ತೈತಿ” ಎಂದು ತಿಳವಳ್ಳಿಯ ಗ್ಯಾರೇಜಿನವರು ನಕ್ಕಿದ್ದರು. ಬದುವಿನ ಜಾಲಿ ಬೊಡ್ಡೆಯನ್ನು ಅದೇ ಬಂಪರಿನಿಂದ ಕಿತ್ತು, ಅವರಿಗೆ ವಿಡಿಯೋ ಕಳಿಸಲೇಬೇಕೆಂದು ಇವತ್ತು ಸರಪಳಿ ಬಿಗಿದೆ.

ಅವ್ವ ಬಂದು ಜೀಪಿಗೆ ಅಡ್ಡ ನಿಂತಳು. “ಇವತ್ತ ಸೋಮವಾರ, ಬಸವಣ್ಣನ ವಾರ. ಎತ್ತಿನ ಹೆಗಲ ಮ್ಯಾಲ ನೊಗ ಇಡಂಗಿಲ್ಲ.”

“ಅವ್ವಾ, ಇದು ಜೀಪು.”

“ಕೋಡು ಹಚ್ಚಿದಾಂವ ನೀನ. ಈಗ ಎತ್ತಲ್ಲ ಅಂದ್ರ ಹೆಂಗ?”

ಒಳಗೆ ಹೋದವಳು, ಮಾರಿದ ಎತ್ತುಗಳ ಕೋಡಿಗೆ ತೊಡಿಸುತ್ತಿದ್ದ ಹಿತ್ತಾಳೆ ಕೋಡಣಸುಗಳನ್ನು ತಂದು ಪೈಪಿನ ತುದಿಗಳಿಗೆ ಸಿಕ್ಕಿಸಿದಳು. ಅಳತೆ ಕೊಟ್ಟು ಮಾಡಿಸಿದ ಹಾಗೆ ಬಿಗಿಯಾಗಿ ಕೂತವು.

“ನಾಳೆ ಜಗ್ಗೇ ಜಗ್ಗತೇನಿ” ಎಂದು ಸರಪಳಿ ಬಿಚ್ಚಿದೆ.

“ಜಗ್ಗು. ಇವತ್ತ ಬೇರು ಬಿಡಿಸು” ಎಂದು ಗುದ್ದಲಿ ಕೈಗಿಟ್ಟಳು.

“ನನಗ ಸೋಮವಾರ ಇಲ್ಲೇನು?”

“ನಿನಗೆಲ್ಲಿ ಅದಾವ ಕೋಡು?”

ಕೈತುಂಬ ಬೊಬ್ಬೆ ಎದ್ದಿವೆ. ನಾಳೆ ಬೊಡ್ಡೆ ಬರುವುದಂತೂ ಖಂಡಿತ. ಬಂದದ್ದು ಬಂಪರಿನಿಂದಲೇ ಎಂದು ಗ್ಯಾರೇಜಿನವರು ನಂಬಿದರೆ ಸಾಕು.